ಮೈಭಾರವೂ ಮನೆಯ ರೂಢಿಯೂ

ಒಂದು ಕಾಲದಲ್ಲಿ ದೊಡ್ಡ ರೈಲ್ವೆ ನಿಲ್ದಾಣಗಳಲ್ಲಿ ಬಣ್ಣಬಣ್ಣದ ದೀಪಗಳು ಮಿನುಗುವ ತೂಕದ ಯಂತ್ರವೊಂದು ನಿಂತಿರುತ್ತಿತ್ತು. ಅದರ ಮೇಲೆ ಹತ್ತಿ ನಿಂತು ನಾಣ್ಯವನ್ನು ಹಾಕಿದರೆ ಒಳಗೆ ಗಡಗಡನೆ ಸದ್ದಾಗಿ ಒಂದು ಪುಟ್ಟ ಚೀಟಿ ಹೊರಗೆ ಬೀಳುತ್ತಿತ್ತು. ಚೀಟಿಯಲ್ಲಿ ತೂಕದ ಜೊತೆಗೆ ಒಂದು ಸಾಲಿನ ಭವಿಷ್ಯವೂ ಅಚ್ಚಾಗಿರುತ್ತಿತ್ತು. ಪ್ರಯಾಣಿಕರು ಭವಿಷ್ಯವನ್ನು ಗಟ್ಟಿಯಾಗಿ ಓದಿ ನಗುವರು. ತೂಕದ ಅಂಕಿಯನ್ನು ನೋಡಿ "ಯಂತ್ರ ಕೆಟ್ಟಿರಬೇಕು" ಎಂದುಕೊಂಡು ಚೀಟಿಯನ್ನು ಜೇಬಿಗೆ ಇಳಿಸುವರು. ವೈದ್ಯರನ್ನು ಕೇಳಿದ್ದರೆ, ನಿಜವಾದ ಭವಿಷ್ಯ ಆ ಅಂಕಿಯಲ್ಲಿಯೇ ಇತ್ತೆಂದು ಹೇಳುತ್ತಿದ್ದರೋ ಏನೋ!

ಆ ಯಂತ್ರಗಳು ಈಗ ಅಪರೂಪ. ಅನೇಕ ಮನೆಗಳಲ್ಲಿ ಮಂಚದ ಕೆಳಗೆ ಸ್ವಂತದ ತೂಕದ ಯಂತ್ರವೇ ಇದೆ. ವರ್ಷದ ಮೊದಲ ದಿನ, ಮಗಳ ಮದುವೆ ಗೊತ್ತಾದ ದಿನ, ರಕ್ತಪರೀಕ್ಷೆಯ ವರದಿ ಕೈಗೆ ಬಂದ ದಿನ ಅದು ಹೊರಕ್ಕೆ ಬರುತ್ತದೆ. ಮನೆಯಲ್ಲಿ ಒಬ್ಬರು ಪ್ರತಿಜ್ಞೆ ಮಾಡುತ್ತಾರೆ. ರಾತ್ರಿಯ ಅನ್ನ ನಿಲ್ಲುತ್ತದೆ, ಬೆಳಿಗ್ಗೆ ಐದಕ್ಕೆ ಗಡಿಯಾರ ಕೂಗುತ್ತದೆ, ಹೊಸ ಬೂಟು ಬರುತ್ತದೆ. ಮೂರು ವಾರ ಕಳೆಯುವುದರೊಳಗೆ ಯಾವುದೋ ಹಬ್ಬ, ಯಾರದೋ ನಾಮಕರಣ. ಹೋಳಿಗೆಯ ಮೇಲೆ ತುಪ್ಪ ಬೀಳುತ್ತದೆ, ಪ್ರತಿಜ್ಞೆ ಮುರಿಯುತ್ತದೆ. ಬೂಟು ಮತ್ತು ಯಂತ್ರ ಎರಡೂ ಮಂಚದ ಕೆಳಗೆ ಸೇರುತ್ತವೆ. "ಅವರಿಗೆ ಮನೋದಾರ್ಢ್ಯ ಸಾಲದು" ಎಂದು ಮನೆಯವರು ತೀರ್ಪು ಕೊಡುತ್ತಾರೆ.

ಆ ತೀರ್ಪು ನ್ಯಾಯವಾದುದಲ್ಲ. ಪ್ರತಿಜ್ಞೆ ಮಾಡಿದವರ ಮನಸ್ಸು ಬದಲಾಯಿತು. ಮನೆಯ ರೂಢಿ ಬದಲಾಗಲಿಲ್ಲ. ಅದೇ ಅಡುಗೆ, ಅದೇ ಬಡಿಸುವ ಕೈ, ಅದೇ ಹೊತ್ತು. ಬೊಜ್ಜು ಒಬ್ಬರ ಮೈಮೇಲೆ ಕಾಣಿಸಿಕೊಂಡರೂ ಅದನ್ನು ಬೆಳೆಸಿದ್ದು ಇಡೀ ಮನೆಯ ನಡವಳಿಕೆ. ಇಳಿಸಬೇಕಾದುದೂ ಇಡೀ ಮನೆಯ ನಡವಳಿಕೆಯಿಂದಲೇ.

ತಕ್ಕಡಿಗಿಂತ ಟೇಪು ಮೇಲು

ತೂಕ ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ವೈದ್ಯರು ಒಂದು ಸುಲಭವಾದ ಲೆಕ್ಕವನ್ನು ಬಳಸುತ್ತಾರೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಪಾಶ್ಚಾತ್ಯರಿಗೆ ಅದು 25 ದಾಟಿದರೆ ಅಧಿಕ ತೂಕ, 30 ಮುಟ್ಟಿದರೆ ಸ್ಥೂಲಕಾಯ. ಭಾರತೀಯರಿಗೆ ಈ ಅಳತೆ ಸಡಿಲವಾಯಿತೆಂದು ನಮ್ಮ ದೇಶದ ತಜ್ಞರು 2009ರಲ್ಲಿ 23 ಮತ್ತು 25 ಎಂಬ ಗಡಿಗಳನ್ನು ಗೊತ್ತುಮಾಡಿದರು. ಅಂದರೆ 165 ಸೆಂಟಿಮೀಟರ್ ಎತ್ತರದವರು 63 ಕಿಲೋ ತೂಗುವ ವೇಳೆಗೆ ಎಚ್ಚರಗೊಳ್ಳಬೇಕು; 68 ಆದರೆ ಬೊಜ್ಜಿನ ಗುಂಪಿಗೆ ಸೇರಿದಂತೆ.

ಇಷ್ಟು ಬಿಗಿ ಏಕೆ? 2004ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಛಾಯಾಚಿತ್ರ ಇದಕ್ಕೆ ಉತ್ತರ ಹೇಳುತ್ತದೆ. ಅದರಲ್ಲಿ ಇಬ್ಬರು ವೈದ್ಯರಿದ್ದಾರೆ: ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರ ಅಂಕಿಯೂ 22.3. ನೋಡುವವರ ಕಣ್ಣಿಗೆ ಇಬ್ಬರೂ ತೆಳ್ಳಗಿನವರೇ. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ನೂರಕ್ಕೆ 9.1 ಭಾಗವೂ ಯಾಜ್ಞಿಕ್ ಅವರಲ್ಲಿ 21.2 ಭಾಗವೂ ಇದ್ದುವು! ಭಾರತೀಯರಲ್ಲಿ ಎಷ್ಟೋ ಜನರ ತೋಳು ಕಾಲುಗಳು ಸಣ್ಣಗಿದ್ದರೂ ಕೊಬ್ಬು ಹೊಟ್ಟೆಯ ಒಳಗೆ, ಯಕೃತ್ತು ಕರುಳುಗಳ ಸುತ್ತ ಸೇರಿಕೊಂಡಿರುತ್ತದೆ. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ದಾರಿ ತೆರೆಯುವುದು ಮುಖ್ಯವಾಗಿ ಈ ಒಳಗಿನ ಕೊಬ್ಬೇ.

ಆದುದರಿಂದ ತೂಕದ ಯಂತ್ರಕ್ಕಿಂತ ಹೊಲಿಗೆಯ ಟೇಪು ಹೆಚ್ಚು ನಿಜ ನುಡಿಯುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟು, ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳದೆ ಅಳೆಯಬೇಕು. ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮಿತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶವಿಡೀ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನೂರು ಮಂದಿ ವಯಸ್ಕರಲ್ಲಿ ಸುಮಾರು 40 ಮಂದಿ ಈ ಮಿತಿಯನ್ನು ದಾಟಿದ್ದರು. ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು.

ಒಂದು ಮನೆಯ ದಿನಚರಿ

ಇಷ್ಟು ಬೊಜ್ಜು ಎಲ್ಲಿಂದ ಬರುತ್ತದೆ? ಮಧ್ಯಮ ವರ್ಗದ ಒಂದು ಸಂಸಾರವನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬಹುದು. ಯಜಮಾನರಿಗೆ 46 ವರ್ಷ, ಕುರ್ಚಿಯ ಮೇಲಿನ ಕೆಲಸ. ಯಜಮಾನಿತಿಗೆ 42. ಕಾಲೇಜಿಗೆ ಹೋಗುವ ಒಬ್ಬ ಮಗ. ಎಪ್ಪತ್ತು ದಾಟಿದ ಅಜ್ಜಿ. ಅವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಈಚೆಗೆ ಯಜಮಾನರ ರಕ್ತಪರೀಕ್ಷೆಯ ವರದಿ ಬಂದಿದೆ: "ಇನ್ನೂ ಕಾಯಿಲೆಯಲ್ಲ, ಆದರೆ ಗಡಿಯ ಹತ್ತಿರ ಬಂದಿದ್ದೀರಿ" ಎಂದು ವೈದ್ಯರು ಹೇಳಿದ್ದಾರೆ. ಮಗನ ಸೊಂಟ ಇಪ್ಪತ್ತನೆಯ ವಯಸ್ಸಿಗೇ 88 ಸೆಂಟಿಮೀಟರ್ ಆಗಿದೆ. ಅದನ್ನು ಯಾರೂ ಅಳೆದಿಲ್ಲ.

ಈ ಮನೆಯಲ್ಲಿ ಯಾರೂ ಹೊಟ್ಟೆಬಾಕರಲ್ಲ. ಬೆಳಿಗ್ಗೆ ಕಾಫಿ, ಎಂಟೂವರೆಗೆ ಉಪ್ಪಿಟ್ಟೋ ಅವಲಕ್ಕಿಯೋ ದೋಸೆಯೋ, ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ, ನಾಲ್ಕಕ್ಕೆ ಮತ್ತೆ ಕಾಫಿ, ಜೊತೆಗೆ ಬಿಸ್ಕತ್ತು, ಸಂಜೆ ಏಳಕ್ಕೆ ಟೆಲಿವಿಷನ್ನಿನ ಮುಂದೆ ಸ್ವಲ್ಪ ಖಾರದ ಅವಲಕ್ಕಿ ಅಥವಾ ಕೋಡುಬಳೆ, ರಾತ್ರಿ ಒಂಬತ್ತೂವರೆಗೆ ಅನ್ನ, ಹುಳಿ, ಮಜ್ಜಿಗೆ, ಹತ್ತೂವರೆಗೆ ನಿದ್ರೆ. ಎಲ್ಲವೂ ಮನೆಯ ಅಡುಗೆ, ಎಲ್ಲವೂ ಮಿತವೆಂದೇ ಕಾಣುತ್ತದೆ.

ಆದರೆ ಲೆಕ್ಕ ಹಾಕಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ದಿನಕ್ಕೆ ಮೂರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ: ಆರು ಚಮಚಕ್ಕೆ 30 ಗ್ರಾಂ. ತಿಂಗಳಿಗೆ ಒಬ್ಬರಿಗೇ ಕಿಲೋಗೆ ಸಮೀಪ! ಹಬ್ಬದ ಸಿಹಿ ಇದರಲ್ಲಿ ಸೇರಿಲ್ಲ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 125 ಕ್ಯಾಲೊರಿ ಇದೆ. ಒಗ್ಗರಣೆಯನ್ನು ಕೈಯಳತೆಯಲ್ಲಿ ಹಾಕುವವರಿಗೆ ಒಂದು ಚಮಚ ಎರಡಾದುದು ತಿಳಿಯುವುದೇ ಇಲ್ಲ. ಇನ್ನು ತಿಂಡಿ, ಡಬ್ಬಿ, ಕುರುಕಲು, ರಾತ್ರಿಯ ಊಟ ಇವೆಲ್ಲವುಗಳ ಹೆಸರು ಬೇರೆ ಬೇರೆಯಾದರೂ ಮೂಲ ಒಂದೇ: ಅಕ್ಕಿ, ರವೆ, ಗೋಧಿ. ದಿನವಿಡೀ ದೇಹಕ್ಕೆ ಪಿಷ್ಟದ ಮೇಲೆ ಪಿಷ್ಟ. ತರಕಾರಿಯೆಂದರೆ ಒಂದು ಚಮಚ ಪಲ್ಯ, ಹುಳಿಯಲ್ಲಿ ತೇಲುವ ನಾಲ್ಕು ಹೋಳು.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ದೇಹ ಕಿರಾಣಿ ಅಂಗಡಿಯ ಜಮಾಖರ್ಚಿನ ಪುಸ್ತಕದಷ್ಟು ಸರಳವಾದುದಲ್ಲ, ನಿಜ. ಆದರೂ ದಿನದಿನದ ಅಲ್ಪ ಉಳಿತಾಯ ಅಲ್ಲಿ ಜಮೆಯಾಗುತ್ತಲೇ ಹೋಗುತ್ತದೆ. ವರ್ಷಕ್ಕೆ ಒಂದೇ ಕಿಲೋ ಏರಿದರೂ 26ನೆಯ ವಯಸ್ಸಿನಲ್ಲಿ 60 ಕಿಲೋ ಇದ್ದ ಮದುವಣಿಗ 46ಕ್ಕೆ 80 ತೂಗುತ್ತಾನೆ. ಯಾವ ಒಂದು ದಿನವೂ ಅವನು ಅತಿಯಾಗಿ ಉಂಡಿರಲಾರ!

ಉಪವಾಸದ ಭ್ರಮೆ

ವರದಿಯನ್ನು ಕಂಡು ಹೆದರಿದವರು ಮೊದಲು ಹಿಡಿಯುವ ದಾರಿ ಉಪವಾಸ. ಏಕಾದಶಿಯ ಉಪವಾಸ ಎಷ್ಟೋ ಮನೆಗಳಲ್ಲಿ ಹೇಗೆ ನಡೆಯುತ್ತದೆಂಬುದು ಎಲ್ಲರಿಗೂ ತಿಳಿದುದೇ. ಅನ್ನ ನಿಷಿದ್ಧ, ಆದುದರಿಂದ ತುಪ್ಪದಲ್ಲಿ ಹುರಿದ ರವೆಯ ಉಪ್ಪಿಟ್ಟು, ಸಬ್ಬಕ್ಕಿಯ ಪಾಯಸ, ಬಾಳೆಹಣ್ಣಿನ ರಸಾಯನ. ಅನ್ನ ಉಂಡಿದ್ದರೆ ಹೊಟ್ಟೆ ಇನ್ನೂ ಹಗುರವಾಗಿರುತ್ತಿತ್ತು!

ನಿಜವಾಗಿಯೂ ಹಸಿದಿರುವವರ ಪಾಡು ಬೇರೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರಿಗೆ ಅವರ ಒಪ್ಪಿಗೆಯಿಂದ ಆರು ತಿಂಗಳು ಅರೆಹೊಟ್ಟೆಯ ಆಹಾರ ಕೊಟ್ಟು ಪರೀಕ್ಷಿಸಿದರು. ತೂಕವೇನೋ ಇಳಿಯಿತು. ಜೊತೆಗೆ ಉತ್ಸಾಹ ಕುಂದಿತು, ಚಳಿ ಹೆಚ್ಚಿತು, ಸಿಡುಕು ಬಂತು, ಹಗಲಿರುಳೂ ಊಟದ್ದೇ ಯೋಚನೆಯಾಯಿತು. ಕೆಲವರು ಅಡುಗೆಯ ಪುಸ್ತಕಗಳನ್ನು ಓದುತ್ತ ಕುಳಿತರು. ದೇಹವೂ ತನ್ನ ಖರ್ಚನ್ನು ಕಡಿತಗೊಳಿಸಿತು. ಪರೀಕ್ಷೆ ಮುಗಿದು ಯಥೇಚ್ಛವಾಗಿ ಉಣ್ಣತೊಡಗಿದಾಗ ಮೊದಲಿಗಿಂತ ಹೆಚ್ಚು ಕೊಬ್ಬು ಮೈಸೇರಿತು. ಮೂರು ವಾರದ ಕಠಿಣ ಪಥ್ಯ ಮಾಡಿ ನಾಲ್ಕನೆಯ ವಾರ ಸೋತವರು ನಾಚಬೇಕಾದುದಿಲ್ಲ. ಹಸಿವಿನ ವಿರುದ್ಧ ದೀರ್ಘಕಾಲ ಹೋರಾಡಿ ಗೆದ್ದವರು ವಿರಳ. ಹೊಟ್ಟೆಯನ್ನು ತುಂಬಿಸಿಯೇ ಭಾರವನ್ನು ಇಳಿಸುವ ದಾರಿ ಬೇಕು.

ಆ ದಾರಿಯನ್ನು ಹಿಂದಿನವರೂ ಕಂಡಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲರ ವಿಚಾರವಾಗಿಯೇ ವಿಸ್ತಾರವಾದ ಚರ್ಚೆ ಇದೆ. ಅತಿಯಾದ ಊಟ, ಸಿಹಿ ಮತ್ತು ಜಿಡ್ಡಿನ ಪದಾರ್ಥ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ, ಇವುಗಳ ಜೊತೆಗೆ ಹುಟ್ಟಿನಿಂದ ಬಂದ ಬೀಜಸ್ವಭಾವವನ್ನೂ ಅಲ್ಲಿ ಕಾರಣವೆಂದು ಹೇಳಿದೆ. ಚಿಕಿತ್ಸೆಯಾದರೋ ಹೊಟ್ಟೆಗೆ ಭಾರವಾಗಿದ್ದು ಪುಷ್ಟಿಯನ್ನು ಕಡಿಮೆ ಕೊಡುವ ಆಹಾರ. ಅಲ್ಲಿ ಹೆಸರಿಸಿದ ಧಾನ್ಯಗಳಲ್ಲಿ ಹೆಸರು, ಹುರುಳಿ, ಜವೆಗೋಧಿ ಸೇರಿವೆ. ನಾರು ಮತ್ತು ಸಸಾರಜನಕ ಹೆಚ್ಚಿರುವ ಆಹಾರದಿಂದ ಹೊಟ್ಟೆ ಬೇಗ ತುಂಬುತ್ತದೆಂದು ಇಂದಿನ ಆಹಾರಶಾಸ್ತ್ರ ಹೇಳುವುದೂ ಇದಕ್ಕೆ ದೂರವಾದ ಮಾತಲ್ಲ.

ಎಲೆಯ ಅಂಚಿನಿಂದ ನಡುವಿಗೆ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ಆಹಾರ ಹೀಗಿರಬೇಕೆಂದಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಬೀಜಗಳು 35 ಗ್ರಾಂ, ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ. ತೂಕವನ್ನು ಇಳಿಸಬೇಕಾದವರು ಇದರಲ್ಲಿ ಧಾನ್ಯವನ್ನೂ ಎಣ್ಣೆಯನ್ನೂ ಇನ್ನಷ್ಟು ಕಡಿಮೆ ಮಾಡಬಹುದು, ತರಕಾರಿಯನ್ನಲ್ಲ.

ಈ ಅಂಕಿಗಳನ್ನು ತಕ್ಕಡಿಯಲ್ಲಿ ತೂಗುತ್ತ ಕೂರುವುದು ಯಾವ ಗೃಹಿಣಿಗೂ ಸಾಧ್ಯವಿಲ್ಲ. ಪೇಟೆಯ ಚೀಲದಲ್ಲಿ ಅಳೆಯುವುದು ಸುಲಭ. ನಾಲ್ವರ ಮನೆಗೆ ದಿನಕ್ಕೆ ಒಂದೂವರೆ ಕಿಲೋ ತರಕಾರಿ ಬೇಕು. ಮೇಲೆ ಹೇಳಿದ ಸಂಸಾರದಲ್ಲಿ ಅರ್ಧ ಕಿಲೋ ಹುರುಳಿಕಾಯಿ ಎರಡು ದಿನ ಬರುತ್ತದೆ! ಎಣ್ಣೆ ತುಪ್ಪಗಳು ನಾಲ್ವರಿಗೆ ತಿಂಗಳಿಗೆ ಒಟ್ಟು ಮೂರೂವರೆ ಲೀಟರ್ ಮೀರಬಾರದು. ತಿಂಗಳ ದಿನಸಿಯ ಚೀಟಿಯನ್ನು ಒಮ್ಮೆ ಈ ಕಣ್ಣಿನಿಂದ ನೋಡಿದರೆ ಮನೆಯ ಆರೋಗ್ಯದ ಅರ್ಧ ಕಥೆ ಅಲ್ಲಿಯೇ ತಿಳಿಯುತ್ತದೆ.

ಹೊಸ ಅಡುಗೆಯನ್ನೇನೂ ಕಲಿಯಬೇಕಾಗಿಲ್ಲ. ಬಾಳೆಯೆಲೆಯ ಮೇಲೆ ಮೊದಲು ಬಡಿಸುವ ಕೋಸಂಬರಿ, ಪಲ್ಯಗಳು ಎಲೆಯ ಅಂಚಿನಲ್ಲಿ ಚಮಚದಷ್ಟೇ ಇರುತ್ತವೆ. ನಡುವೆ ಅನ್ನದ ಗುಡ್ಡ. ಈ ಪ್ರಮಾಣ ತಿರುಗಿದರೆ ಸಾಕು. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಹಸಿ ತರಕಾರಿ. ಕಾಲು ಭಾಗ ಬೇಳೆ, ಕಾಳು ಅಥವಾ ಮೊಸರು, ರೂಢಿಯಿದ್ದವರಿಗೆ ಮೊಟ್ಟೆ, ಮೀನು. ಉಳಿದ ಕಾಲು ಭಾಗ ಅನ್ನ ಅಥವಾ ಚಪಾತಿ ಅಥವಾ ಮುದ್ದೆ. ಸೌತೆಕಾಯಿ, ಹೆಸರುಬೇಳೆಯ ಕೋಸಂಬರಿಯನ್ನು ಮೊದಲು ತಿಂದು ಮುಗಿಸಿ ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಎರಡನೆಯ ಬಾರಿ ಬಡಿಸಿಕೊಳ್ಳುವ ಆಸೆ ತಾನಾಗಿ ಕಡಿಮೆಯಾಗುತ್ತದೆ. ಹಳೆಯ ಮೈಸೂರಿನ ಬಸ್ಸಾರು, ಉಪ್ಪೆಸರುಗಳಲ್ಲಿ ಸೊಪ್ಪೂ ಕಾಳೂ ಒಟ್ಟಿಗೆ ಸಿಕ್ಕುತ್ತವೆ. ಪಟ್ಟಣ ಸೇರಿದವರು ಅವನ್ನು ಹಳ್ಳಿಯ ಅಡುಗೆಯೆಂದು ಮರೆತದ್ದು ನಷ್ಟವೇ ಸರಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಅನ್ನವನ್ನು ಬಿಟ್ಟು ರಾಗಿಯನ್ನೋ ಗೋಧಿಯನ್ನೋ ಹಿಡಿದೊಡನೆ ತೂಕ ಇಳಿಯುತ್ತದೆಂದು ಅನೇಕರು ನಂಬಿದ್ದಾರೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಅಕ್ಕಿಗಿಂತ ಬಹಳ ಹೆಚ್ಚು. ಅದು ಒಳ್ಳೆಯ ಧಾನ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ತೂಕದ ಅಕ್ಕಿಗೂ ಅಷ್ಟೇ ತೂಕದ ರಾಗಿಗೂ ಕ್ಯಾಲೊರಿಯಲ್ಲಿ ಹೆಚ್ಚಿನ ಅಂತರವಿಲ್ಲ. ಒಂದು ಮುದ್ದೆಯ ಮೇಲೆ ಒಂದು ತಟ್ಟೆ ಅನ್ನವನ್ನೂ ಉಂಡವರು, ತುಪ್ಪ ಸವರಿದ ಆರು ಚಪಾತಿ ತಿಂದವರು "ಅನ್ನ ಕಡಿಮೆ ಮಾಡಿದರೂ ಇಳಿಯಲಿಲ್ಲ" ಎಂದು ಕೊರಗಿ ಪ್ರಯೋಜನವಿಲ್ಲ.

ಕಾಫಿಯನ್ನು ಬಿಡಬೇಕಾಗಿಲ್ಲ, ಎರಡು ಚಮಚ ಸಕ್ಕರೆ ಒಂದೂವರೆಯಾಗಿ, ತಿಂಗಳ ನಂತರ ಒಂದಾಗಿ, ಕ್ರಮೇಣ ಅರ್ಧವಾಗಬಹುದು. ನಾಲಿಗೆ ಹೊಂದಿಕೊಳ್ಳುತ್ತದೆ. ರಾತ್ರಿಯ ಊಟ ಎಂಟು ಗಂಟೆಯೊಳಗೆ ಮುಗಿದರೆ ಏಳು ಗಂಟೆಯ ಕುರುಕಲಿಗೆ ಎಡೆಯೇ ಇರುವುದಿಲ್ಲ.

ಉಪಚಾರ ಮತ್ತು ಉಳಿಕೆ

ತಟ್ಟೆಯ ಪ್ರಮಾಣಕ್ಕಿಂತ ಕಠಿಣವಾದುದು ಬಡಿಸುವ ಕೈ. "ಇಷ್ಟೇ ಏನೋ ಊಟ? ಇನ್ನೆರಡು ತುತ್ತು ಹಾಕಿಸಿಕೋ, ಮಗೂ" ಎಂದು ಅಜ್ಜಿ ಅನ್ನುತ್ತಾರೆ. ಬೇಡವೆಂದರೆ ಅಡುಗೆ ರುಚಿಸಲಿಲ್ಲವೆಂದೋ ಮೈಯಲ್ಲಿ ಸ್ವಸ್ಥವಿಲ್ಲವೆಂದೋ ಅರ್ಥ. ಬಂದ ಅತಿಥಿಗೆ ಕೈ ಅಡ್ಡ ಹಿಡಿದರೂ ಬಡಿಸುವುದೇ ಆದರ. ಬರಗಾಲವನ್ನು ಕಂಡ ಹಿರಿಯರ ಈ ಪ್ರೀತಿಯನ್ನು ಹೀಗಳೆಯಬೇಕಾಗಿಲ್ಲ. ಆದರೆ ಆ ಪ್ರೀತಿ ಪಲ್ಯದ ಸೌಟಿನಲ್ಲಿಯೂ ಬರಬಹುದು. "ಇನ್ನಷ್ಟು ಕೋಸಂಬರಿ ಹಾಕಿಸಿಕೋ" ಎಂದು ಅಜ್ಜಿಯ ಬಾಯಲ್ಲಿಯೇ ಬಂದ ದಿನ ಆ ಮನೆಯ ಪಥ್ಯಕ್ಕೆ ಅರ್ಧ ಜಯ ಸಿಕ್ಕಿದಂತೆ.

ಯಜಮಾನಿತಿಯ ಸಂಗತಿ ಇನ್ನೂ ಸೂಕ್ಷ್ಮವಾದುದು. ಎಲ್ಲರ ಊಟವಾದ ಮೇಲೆ ಆಕೆ ಒಬ್ಬಳೇ ಕೂರುತ್ತಾಳೆ. ಅಷ್ಟು ಹೊತ್ತಿಗೆ ಪಲ್ಯ ಮುಗಿದಿರುತ್ತದೆ. ಉಳಿದಿರುವುದು ಅನ್ನ ಮತ್ತು ತಿಳಿಸಾರು. ಮಗ ಬಿಟ್ಟ ಅರ್ಧ ದೋಸೆ, ಡಬ್ಬಿಯಲ್ಲಿ ಮರಳಿ ಬಂದ ಚಿತ್ರಾನ್ನ, ನಿನ್ನೆಯ ತಂಗಳು, ಚೆಲ್ಲಬಾರದೆಂದು ಎಲ್ಲವೂ ಆಕೆಯ ಹೊಟ್ಟೆಗೆ. ಅನ್ನವನ್ನು ಚೆಲ್ಲುವುದು ಪಾಪವೆಂಬ ಭಾವನೆ ದೊಡ್ಡದು. ಆದರೆ ಆ ಪಾಪವನ್ನು ಒಬ್ಬಳ ದೇಹವೇ ಏಕೆ ಹೊರಬೇಕು? ಮನೆಯವರು ಆಕೆಯ ಮೈ ಬೆಳೆದುದನ್ನು ಹಾಸ್ಯ ಮಾಡುವರೇ ಹೊರತು, ಅದು ತಮ್ಮ ತಟ್ಟೆಗಳಿಂದಲೇ ಹೋದದ್ದೆಂದು ಯೋಚಿಸುವುದಿಲ್ಲ. ಅಕ್ಕಿಯನ್ನು ಒಂದು ಪಾವು ಕಡಿಮೆ ಅಳೆಯುವುದು, ಉಳಿದುದನ್ನು ಆಗಲೇ ಮುಚ್ಚಿ ತಂಪಾಗಿಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು: ಈ ಮೂರರಿಂದ ಯಾವ ಔಷಧವೂ ಇಲ್ಲದೆ ಆಕೆಯ ತಟ್ಟೆಗೂ ಪಲ್ಯ ಬರುತ್ತದೆ.

ಮೈಗೆ ಕೆಲಸ

ಊಟದ ವಿಷಯ ಹೀಗಾದರೆ ವ್ಯಾಯಾಮದ ವಿಷಯ ಹೇಗೆ? 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಲಂಡನ್ನಿನ ಬಸ್ಸುಗಳ ನೌಕರರ ವಿಚಾರವಾಗಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದ; ನಿರ್ವಾಹಕ ಟಿಕೆಟ್ಟಿಗಾಗಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹೃದಯಾಘಾತ ನಿರ್ವಾಹಕರಲ್ಲಿ ಚಾಲಕರಿಗಿಂತ ಕಡಿಮೆಯಾಗಿ ಕಂಡಿತು. ಮೂರು ವರ್ಷಗಳ ಮೇಲೆ ಅವರು ನೌಕರರ ಸಮವಸ್ತ್ರದ ಅಳತೆಗಳನ್ನೇ ಪರಿಶೀಲಿಸಿದರು. ಚಾಲಕರ ಷರಾಯಿಯ ಸೊಂಟ ಹೆಚ್ಚು ಅಗಲವಾಗಿತ್ತು. ಈ ಅಂತರದ ಒಂದಂಶ ಕೆಲಸಕ್ಕೆ ಸೇರುವಾಗಲೇ ಇದ್ದಿರಬಹುದೆಂದು ಅವರು ಎಚ್ಚರಿಕೆಯಿಂದ ಹೇಳಿದರೂ, ಮೈಗೆ ದಿನವೂ ಕೆಲಸ ಕೊಡುವುದರಿಂದ ಹೃದಯಕ್ಕೆ ರಕ್ಷಣೆಯೆಂಬುದನ್ನು ಮುಂದಿನ ಎಷ್ಟೋ ಅಧ್ಯಯನಗಳು ದೃಢಪಡಿಸಿವೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ, ಮತ್ತು ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಜೊತೆಯವರೊಡನೆ ಮಾತನಾಡಬಹುದು, ಆದರೆ ಹಾಡಲಾಗದು: ಅಷ್ಟು ಬಿರುಸಾದ ನಡಿಗೆ ಸಾಧಾರಣ ಶ್ರಮವೆನಿಸುತ್ತದೆ. ಇದಕ್ಕೆ ಬೆಂಗಳೂರಿನವರಿಗೆ ಲಾಲ್‌ಬಾಗ್, ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ. ಇವು ದೂರವಾದವರಿಗೆ ಮನೆಯ ಬೀದಿ, ಬಹುಮಹಡಿಯ ಮನೆಯ ಮೆಟ್ಟಿಲು ಸಾಕು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೂ ರಕ್ತದಲ್ಲಿ ಸಕ್ಕರೆ ಏರುವುದು ತಗ್ಗುತ್ತದೆ.

ಎರಡನೆಯ ಮಾತನ್ನು, ಅಂದರೆ ಸ್ನಾಯುಬಲವನ್ನು, ನಡುವಯಸ್ಸಿನವರು ಮರೆಯುತ್ತಾರೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ; ಸ್ನಾಯು ಕರಗಿದಲ್ಲಿ ದೇಹದ ಖರ್ಚು ಇಳಿದು ಕೊಬ್ಬಿಗೆ ಜಾಗವಾಗುತ್ತದೆ. ಇದಕ್ಕೆ ಯಂತ್ರಗಳು ಬೇಕಿಲ್ಲ. ಗರಡಿಮನೆಯ ಬಸ್ಕಿ ಮತ್ತು ದಂಡಗಳು ಇದ್ದೇ ಇವೆ. 'ಶಾಂತಲಾ' ಕಾದಂಬರಿಯನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಎಷ್ಟೋ ತರುಣರಿಗೆ ಅಂಗಸಾಧನೆಯನ್ನು ಕಲಿಸಿದರು. ಸೂರ್ಯನಮಸ್ಕಾರವೂ ಅವರಿಗೆ ಪ್ರಿಯವಾಗಿತ್ತು. ಮಂಡಿ ನೋವಿರುವವರು ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕುಳಿತರೂ ಅದು ವ್ಯಾಯಾಮವೇ. ತನ್ನ ಬಲದಲ್ಲಿ ಅರ್ಧವನ್ನು ಮಾತ್ರ ವ್ಯಯಮಾಡಬೇಕೆಂದು ಆಯುರ್ವೇದ ವಿಧಿಸಿದ ಮಿತಿ ಹೊಸಬರಿಗೆ ಇಂದಿಗೂ ಒಳ್ಳೆಯ ಬುದ್ಧಿವಾದ.

ಆದರೆ ವ್ಯಾಯಾಮವೊಂದರಿಂದಲೇ ತೂಕ ಇಳಿಯುತ್ತದೆಂದು ಭಾವಿಸುವುದು ಸಲ್ಲದು. ಅರ್ಧ ಗಂಟೆಯ ಬಿರುಸು ನಡಿಗೆಗೆ ಖರ್ಚಾಗುವುದು ಹೆಚ್ಚುಕಡಿಮೆ 120ರಿಂದ 150 ಕ್ಯಾಲೊರಿ. ನಡಿಗೆ ಮುಗಿಸಿದ ಮಿತ್ರರು ನೇರವಾಗಿ ಹೋಟೆಲಿಗೆ ಹೋಗಿ ಬೆಣ್ಣೆ ಹಾಕಿದ ಮಸಾಲೆ ದೋಸೆಯನ್ನು ತಿಂದರೆ ಖರ್ಚಿಗಿಂತ ಜಮೆಯೇ ಹೆಚ್ಚು! ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಿಂದ. ಇಳಿದುದು ಮರಳಿ ಏರದಂತೆ ಕಾಯುವುದು ಮುಖ್ಯವಾಗಿ ಕಾಲು.

ಎಷ್ಟು ಇಳಿದರೆ ಸಾಕು?

ಮದುವೆಯ ಫೋಟೋದಲ್ಲಿದ್ದ ಮೈಕಟ್ಟು ಮರಳಿ ಬರಬೇಕೆಂದು ಹಟ ಹಿಡಿದವರು ನಿರಾಶರಾಗುತ್ತಾರೆ. ಅಷ್ಟು ಬೇಕಾಗಿಯೂ ಇಲ್ಲ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ನೂರಕ್ಕೆ ಏಳರಷ್ಟು ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡುವುದು ಗುರಿಯಾಗಿತ್ತು. ಆ ಕ್ರಮವನ್ನು ಹಿಡಿದವರಲ್ಲಿ ಹೊಸದಾಗಿ ಕಾಯಿಲೆ ಬರುವುದು ನೂರಕ್ಕೆ 58ರಷ್ಟು ತಗ್ಗಿತು. ಮಾತ್ರೆ ನುಂಗಿದವರಲ್ಲಿ ತಗ್ಗಿದ್ದು 31ರಷ್ಟು. 80 ಕಿಲೋ ಇರುವವರಿಗೆ ಏಳರಷ್ಟೆಂದರೆ ಐದೂವರೆ ಕಿಲೋ ಮಾತ್ರ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದು ಒಳ್ಳೆಯ ವೇಗ. ಅದಕ್ಕಿಂತ ನಿಧಾನವಾದರೂ ಚಿಂತೆಯಿಲ್ಲ.

ನಮಗೆ ಹತ್ತಿರದ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸಮಾಧಾನಕರವಾದುದು. ಅಲ್ಲಿ ಊಟ ಮತ್ತು ನಡಿಗೆಯ ಕ್ರಮವನ್ನು ತಿದ್ದಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೂ ಅವರಲ್ಲಿ ಸಕ್ಕರೆ ಕಾಯಿಲೆ ಬರುವುದು ನೂರಕ್ಕೆ 28.5ರಷ್ಟು ಕಡಿಮೆಯಾಯಿತು. ಯಂತ್ರದ ಮುಳ್ಳು ಅಲುಗದಿದ್ದರೂ ದೇಹದ ಒಳಗೆ ಒಳ್ಳೆಯದು ನಡೆಯುತ್ತಿರಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೆಲವು ಎಚ್ಚರಿಕೆಗಳು

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟವನ್ನು ತಟ್ಟನೆ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಕುಸಿದು ಅಪಾಯವಾಗಬಹುದು. ನಡೆಯುವಾಗ ಎದೆ ಬಿಗಿದರೆ, ಅತಿಯಾದ ಏದುಸಿರು ಬಂದರೆ ಅಲ್ಲಿಯೇ ನಿಂತು ವೈದ್ಯರನ್ನು ಕಾಣಬೇಕು. ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ತಾವಾಗಿ ಪಥ್ಯ ಹಿಡಿಯಬಾರದು. ಕಾರಣವಿಲ್ಲದೆ ತೂಕ ಏರುತ್ತಿದ್ದರೆ ಥೈರಾಯ್ಡ್ ಗ್ರಂಥಿಯ ಪರೀಕ್ಷೆ ಅಗತ್ಯ. ತೂಕ ಇಳಿಸುವ ಚುಚ್ಚುಮದ್ದುಗಳು ಈಚೆಗೆ ಬಂದಿವೆ. ಅವು ಕೆಲವರಿಗೆ ನಿಜವಾಗಿಯೂ ಉಪಕಾರಿ. ಆದರೆ ಅವನ್ನು ವೈದ್ಯರ ಕಣ್ಣಳತೆಯಲ್ಲಿಯೇ ತೆಗೆದುಕೊಳ್ಳಬೇಕು. ನಿಲ್ಲಿಸಿದ ಮೇಲೆ ಇಳಿದ ತೂಕದ ಬಹುಭಾಗ ಮರಳುವುದೇ ಹೆಚ್ಚು.

ಮಕ್ಕಳ ವಿಷಯದಲ್ಲಿ ನಾಲಿಗೆಯನ್ನು ಹಿಡಿದಿರಬೇಕು. ಬೆಳೆಯುವ ಮಗುವನ್ನು "ಡುಮ್ಮ" ಎಂದು ನಂಟರ ಮುಂದೆ ಕರೆಯುವುದರಿಂದ ಒಂದು ತೊಲೆಯೂ ಇಳಿಯುವುದಿಲ್ಲ. ಮಗು ಕದ್ದು ತಿನ್ನುವುದನ್ನು ಕಲಿಯುತ್ತದೆ, ಅಷ್ಟೆ. ಮಕ್ಕಳಿಗೆ ಪಥ್ಯ ಬೇಡ. ಆಟ ಬೇಕು, ಸಾಕಷ್ಟು ನಿದ್ರೆ ಬೇಕು, ಮನೆಯಲ್ಲಿ ಹಣ್ಣು ಕೈಗೆ ಸಿಕ್ಕುವಲ್ಲಿಯೂ ಬಿಸ್ಕತ್ತು ಅಂಗಡಿಯಲ್ಲಿಯೂ ಇರಬೇಕು.

ಚರಕನು ಹೇಳಿದ ಬೀಜಸ್ವಭಾವವನ್ನು ಯಾರೂ ಬದಲಾಯಿಸಲಾರರು. ಅಜ್ಜಿಯ ಕಾಯಿಲೆ ಮಗನ ಗಡಿಗೆ ಬಂದು ನಿಂತಿರುವುದರಲ್ಲಿ ವಂಶದ ಪಾಲೂ ಇದೆ. ಆದರೆ ಅಜ್ಜಿಯಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಇಳಿದುಬರುವುದು ರಕ್ತವೊಂದೇ ಅಲ್ಲ. ತಟ್ಟೆಯ ಕ್ರಮವೂ, ಊಟದ ಹೊತ್ತೂ, ಸಂಜೆ ಕೂರುವ ಕುರ್ಚಿಯೂ ಇಳಿದುಬರುತ್ತವೆ. ಅವುಗಳನ್ನು ಬದಲಾಯಿಸುವುದು ಮನೆಯವರ ಕೈಯಲ್ಲಿದೆ.

ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದ ಮೊಳೆಗೆ ಒಂದು ಹೊಲಿಗೆಯ ಟೇಪನ್ನು ತೂಗುಹಾಕಿ, ಪ್ರತಿ ತಿಂಗಳ ಮೊದಲನೆಯ ತಾರೀಖು ಮನೆಯ ದೊಡ್ಡವರೆಲ್ಲರೂ ಸೊಂಟವನ್ನು ಅಳೆದು ಅಲ್ಲಿಯೇ ಬರೆದಿಡಲಿ. ಯಾರೂ ಯಾರನ್ನೂ ನಗಬೇಕಾಗಿಲ್ಲ. ಒಂದು ತಿಂಗಳಿಗೆ ಒಂದೇ ರೂಢಿಯನ್ನು ತಿದ್ದಲಿ: ಮೊದಲ ತಿಂಗಳು ಕಾಫಿಯ ಸಕ್ಕರೆ, ಎರಡನೆಯದು ತರಕಾರಿಯ ಚೀಲ, ಮೂರನೆಯದು ಒಟ್ಟಿಗೆ ಕುಳಿತು ಉಣ್ಣುವುದು, ನಾಲ್ಕನೆಯದು ಊಟದ ನಂತರದ ನಡಿಗೆ. ಹನ್ನೆರಡು ತಿಂಗಳಿಗೆ ಹನ್ನೆರಡು ರೂಢಿಗಳು. ಅಷ್ಟು ಹೊತ್ತಿಗೆ ಮುಂದಿನ ಯುಗಾದಿ ಬಂದಿರುತ್ತದೆ. ಅಂದು ಒಂದು ಹೋಳಿಗೆಯನ್ನು ತುಪ್ಪದೊಡನೆ ಎಲ್ಲರೂ ಸಂತೋಷವಾಗಿ ತಿನ್ನಲಿ.